ಪಕ್ಷದ ಗೆರೆ ದಾಟುವ ಮತ: ತಂತ್ರವೋ, ಸಾಕ್ಷಿಯೋ?

(ಮುರುಗಮಲ್ಲದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಚುನಾವಣೆ ಮತ್ತು ಯುವಜನರು ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಹೇಳುವ ಮಾತು ನಿಮಗೆ ಗೊತ್ತೇ ಇದೆ: ಪಟ್ಟಿಗೆ ಹೆಸರು ಸೇರಿಸಿ, ತಪ್ಪದೆ ಮತ ಹಾಕಿ, ಹಣಕ್ಕೆ ಮಾರಿಕೊಳ್ಳಬೇಡಿ. ಎಲ್ಲವೂ ಸರಿಯಾದ ಮಾತುಗಳೇ. ಆದರೆ ಕಾಲೇಜಿನ ಮೆಟ್ಟಿಲು ಹತ್ತಿದ ನೀವು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಪ್ರಶ್ನೆ ಕೇಳುತ್ತೀರಿ. "ನಮಗೆ ಬೇಕಾದವರು ಗೆಲ್ಲಬೇಕಾದರೆ ಎದುರು ಪಕ್ಷದಲ್ಲಿ ದುರ್ಬಲ ವ್ಯಕ್ತಿ ನಿಲ್ಲಬೇಕು. ಹಾಗೆ ನಿಲ್ಲುವಂತೆ ನಾವೇ ಯಾಕೆ ಮಾಡಬಾರದು?" ಇದು ಚಹಾ ಅಂಗಡಿಯ ಮುಂದೆಯೂ ಕೇಳಿಬರುವ ಪ್ರಶ್ನೆ, ದೊಡ್ಡ ದೊಡ್ಡ ದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಶ್ನೆಯೂ ಹೌದು. ಇವತ್ತು ಅದೊಂದನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲು ವಿಷಯ ತಿಳಿಯೋಣ. ಅಮೆರಿಕದಲ್ಲಿ 'ಪ್ರೈಮರಿ' ಎಂಬ ಚುನಾವಣೆ ಇದೆ. ಪ್ರೈಮರಿ ಎಂದ ಕೂಡಲೇ ನಮಗೆ ನೆನಪಾಗುವುದು ಶಾಲೆ. ಅಲ್ಲಿ ಅದು ಮುಖ್ಯ ಚುನಾವಣೆಗೆ ಮೊದಲು ನಡೆಯುವ ಒಳ ಚುನಾವಣೆ. ನಮ್ಮಲ್ಲಿ ಬಿ ಫಾರಂ ಯಾರಿಗೆ ಎಂಬುದನ್ನು ಪಕ್ಷದ ವರಿಷ್ಠರು ನಿರ್ಧರಿಸುತ್ತಾರಷ್ಟೆ. ಅಲ್ಲಿ ಆ ನಿರ್ಧಾರವನ್ನು ಮತದಾರರೇ ಮತ ಹಾಕಿ ಮಾಡುತ್ತಾರೆ. ಅಲ್ಲಿಯೂ ಒಂದು ಕಾಲಕ್ಕೆ ನಾಲ್ಕಾರು ಮುಖಂಡರು ಬಾಗಿಲು ಹಾಕಿಕೊಂಡು ಅಭ್ಯರ್ಥಿಯನ್ನು ಗೊತ್ತುಮಾಡುತ್ತಿದ್ದರು. ಅದನ್ನು ಮುರಿಯಬೇಕೆಂದು ವಿಸ್ಕಾನ್ಸಿನ್ ರಾಜ್ಯದ ರಾಬರ್ಟ್ ಲಾ ಫಾಲೆಟ್ ಎಂಬ ಗವರ್ನರ್ ಹೋರಾಡಿದರು. 1904ರಲ್ಲಿ ಅಲ್ಲಿಯ ಜನರೇ ಮತ ಹಾಕಿ ಆ ಕಾನೂನನ್ನು ಒಪ್ಪಿದರು, 1906ರಲ್ಲಿ ಮೊದಲ ಪ್ರೈಮರಿ ನಡೆಯಿತು.

ಕೆಲವು ರಾಜ್ಯಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ವಿಸ್ಕಾನ್ಸಿನ್, ಮಿಶಿಗನ್ ಮೊದಲಾದ ರಾಜ್ಯಗಳಲ್ಲಿ ಬಾಗಿಲು ತೆರೆದಿದೆ. ಅಲ್ಲಿ ಯಾವ ಮತದಾರನಾದರೂ ಯಾವ ಪಕ್ಷದ ಪ್ರೈಮರಿಗಾದರೂ ಹೋಗಬಹುದು, ಆದರೆ ಒಂದು ಸಲಕ್ಕೆ ಒಂದೇ ಪಕ್ಷ. ಅಂದರೆ ಡೆಮಾಕ್ರಟಿಕ್ ಪಕ್ಷವನ್ನು ಮೆಚ್ಚುವವನು ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತ ಹಾಕಬಹುದು. ಇದಕ್ಕೆ ಗೆರೆ ದಾಟುವುದು ಎನ್ನುತ್ತಾರೆ. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ಕಾನೂನಿನಲ್ಲಿ ತಪ್ಪಿಲ್ಲದ್ದೆಲ್ಲ ಮನಸ್ಸಾಕ್ಷಿಗೂ ಸರಿ ಎಂದು ಹೇಳಲಾಗದು ಎಂಬುದನ್ನು ದೀನಿ ಮದರಸಾದ ಮೊದಲ ತರಗತಿಯಲ್ಲೇ ನಾವು ಕಲಿತಿದ್ದೇವೆ.

ಗೆರೆ ದಾಟುವವರೆಲ್ಲ ಒಂದೇ ಉದ್ದೇಶದಿಂದ ದಾಟುವುದಿಲ್ಲ. ಎರಡು ಬಗೆಯನ್ನು ಬೇರೆ ಮಾಡಿ ನೋಡಬೇಕು.

ಒಂದನೆಯ ಬಗೆಗೆ ಮಿಸಿಸಿಪ್ಪಿ ರಾಜ್ಯದ ಉದಾಹರಣೆ ಇದೆ. 2014ರ ಜೂನ್‌ನಲ್ಲಿ ಅಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟ್ ಟಿಕೆಟ್ಟಿಗೆ ಇಬ್ಬರ ನಡುವೆ ಮರುಸ್ಪರ್ಧೆ ನಡೆಯಿತು. ಒಬ್ಬರು ಬಹುಕಾಲದಿಂದ ಸೆನೆಟರ್ ಆಗಿದ್ದ ಥಾಡ್ ಕೊಕ್ರಾನ್. ಇನ್ನೊಬ್ಬರು ಅವರಿಗಿಂತ ಬಹಳ ಕಟುವಾದ ನಿಲುವಿನ ಕ್ರಿಸ್ ಮೆಕ್‌ಡೇನಿಯಲ್. ಅಲ್ಲಿಯ ಕಪ್ಪು ಜನಾಂಗದವರಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದವರು. ಮುಖ್ಯ ಚುನಾವಣೆಯಲ್ಲಿ ರಿಪಬ್ಲಿಕನ್ನರೇ ಗೆಲ್ಲುವುದು ಖಚಿತ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರಲ್ಲಿ ಅನೇಕರು ರಿಪಬ್ಲಿಕನ್ ಪ್ರೈಮರಿಗೆ ಹೋಗಿ ಕೊಕ್ರಾನ್‌ಗೆ ಮತ ಹಾಕಿದರು. ಕೊಕ್ರಾನ್ ಏಳು ಸಾವಿರ ಚಿಲ್ಲರೆ ಮತಗಳಿಂದ ಉಳಿದುಕೊಂಡರು. ಆ ಮತದಾರರು ಬೇರೆ ಪಕ್ಷದ ಬಾಗಿಲು ದಾಟಿದ್ದು ನಿಜ. ಆದರೆ ಇಬ್ಬರಲ್ಲಿ ನಮಗೆ ವಾಸಿಯಾದವನು ಇವನು ಎಂದು ಮನಸ್ಸಿನಲ್ಲಿದ್ದುದನ್ನೇ ಮತದಲ್ಲಿಯೂ ಹೇಳಿದರು. ಎರಡು ಕೆಡುಕುಗಳು ಎದುರಾದಾಗ ಚಿಕ್ಕದನ್ನು ಆರಿಸಿಕೊಳ್ಳುವುದು ನಮ್ಮ ಫಿಕ್ಹ್ ಶಾಸ್ತ್ರದಲ್ಲಿಯೂ ಒಪ್ಪಿತವಾದ ನಿಯಮ.

ಎರಡನೆಯ ಬಗೆ ಬೇರೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವೆ ಬಿರುಸಿನ ಸ್ಪರ್ಧೆ ನಡೆಯುತ್ತಿತ್ತು. ರಿಪಬ್ಲಿಕನ್ನರ ಕಡೆ ಆ ಹೊತ್ತಿಗೆ ತೀರ್ಮಾನ ಮುಗಿದಂತಿತ್ತು. ಆಗ ರಷ್ ಲಿಂಬಾ ಎಂಬ ರೇಡಿಯೊ ಭಾಷಣಕಾರ ತನ್ನ ಕೇಳುಗರಿಗೆ ಒಂದು ಕರೆ ಕೊಟ್ಟ. ನೀವೆಲ್ಲ ಡೆಮಾಕ್ರಟಿಕ್ ಪ್ರೈಮರಿಗೆ ಹೋಗಿ ಹಿಲರಿಗೆ ಮತ ಹಾಕಿ, ಅವರ ಜಗಳ ಮುಗಿಯದಂತೆ ನೋಡಿಕೊಳ್ಳಿ ಎಂಬುದೇ ಆ ಕರೆ. ಅದಕ್ಕೆ 'ಆಪರೇಷನ್ ಕೇಯಾಸ್' ಎಂದು ಹೆಸರಿಟ್ಟ. ಕೇಯಾಸ್ ಎಂದರೆ ಗೊಂದಲ. ಹಿಲರಿ ಗೆದ್ದು ಅಧ್ಯಕ್ಷರಾಗಲಿ ಎಂಬ ಆಸೆ ಅವನಿಗಿರಲಿಲ್ಲ. ಎದುರಿನವರ ಮನೆ ಕೆಡಲಿ ಎಂಬುದೊಂದೇ ಉದ್ದೇಶ. ಕೊನೆಗೆ ಒಬಾಮರೇ ಅಭ್ಯರ್ಥಿಯಾದರು, ಅಧ್ಯಕ್ಷರೂ ಆದರು.

ಬ್ರಿಟನ್ನಿನಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. 2015ರಲ್ಲಿ ಲೇಬರ್ ಪಕ್ಷ ತನ್ನ ನಾಯಕನ ಆಯ್ಕೆಯಲ್ಲಿ ಹೊಸ ನಿಯಮದಂತೆ, ಮೂರು ಪೌಂಡ್ ಕೊಟ್ಟು ಬೆಂಬಲಿಗರಾಗಿ ನೋಂದಾಯಿಸಿಕೊಂಡವರಿಗೂ ಮತ ಕೊಟ್ಟಿತು. ಎದುರು ಪಕ್ಷವಾದ ಕನ್ಸರ್ವೇಟಿವ್ ಪಕ್ಷದ ಕೆಲವರು, ಮೂರು ಪೌಂಡ್ ಕಟ್ಟಿ ಜೆರಿಮಿ ಕಾರ್ಬಿನ್‌ಗೆ ಮತ ಹಾಕೋಣ, ಅವರು ನಾಯಕರಾದರೆ ಲೇಬರ್ ಪಕ್ಷವೇ ಮುಗಿಯಿತು ಎಂದು ಬಹಿರಂಗವಾಗಿ ಪ್ರಚಾರ ಮಾಡಿದರು. ಕಾರ್ಬಿನ್ ತಮ್ಮ ಪಕ್ಷದವರ ಬೆಂಬಲದಿಂದಲೇ ದೊಡ್ಡ ಅಂತರದಿಂದ ನಾಯಕರಾದರು. ಎರಡು ವರ್ಷ ಕಳೆಯುವುದರೊಳಗೆ, 2017ರ ಜೂನ್ ಚುನಾವಣೆಯಲ್ಲಿ, ಅದೇ ಕಾರ್ಬಿನ್ ಮುಂದಾಳತ್ವದ ಲೇಬರ್ ಪಕ್ಷ ತನ್ನ ಸ್ಥಾನಗಳನ್ನು ಹೆಚ್ಚಿಸಿಕೊಂಡಿತು, ಕನ್ಸರ್ವೇಟಿವ್ ಪಕ್ಷ ಬಹುಮತ ಕಳೆದುಕೊಂಡಿತು. 2019ರಲ್ಲಿ ಕಾರ್ಬಿನ್ ಸೋತರು ಎಂಬುದೂ ನಿಜ. ಆದರೆ ಯಾರು ಸುಲಭವಾಗಿ ಸೋಲುತ್ತಾರೆ ಎಂದು ಮೊದಲೇ ಲೆಕ್ಕ ಹಾಕುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ 2017 ಒಂದು ಪಾಠ. 2016ರಲ್ಲಿ ಅಮೆರಿಕದಲ್ಲಿಯೂ ಡೊನಾಲ್ಡ್ ಟ್ರಂಪ್ ಎದುರಾಳಿಯಾದರೆ ನಮಗೆ ಗೆಲುವು ಸುಲಭ ಎಂದು ಡೆಮಾಕ್ರಟಿಕ್ ಪಕ್ಷದ ಹಲವರು ಎಣಿಸಿದ್ದರು. ಆಮೇಲೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ಈ ಎರಡನೆಯ ಬಗೆಯನ್ನು ನಮ್ಮ ಊರಿನ ವ್ಯವಹಾರದ ಭಾಷೆಯಲ್ಲಿ ಹೇಳುತ್ತೇನೆ. ನಿಮ್ಮಲ್ಲಿ ಅನೇಕರ ಮನೆಯವರು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ಬಲ್ಲವರು. ರೈತ ತಂದ ಗೂಡಿನ ಲಾಟು ಹರಾಜಿಗೆ ಬರುತ್ತದೆ. ರೀಲರ್‌ಗಳು ಬೆಲೆ ಕೂಗುತ್ತಾರೆ. ಒಬ್ಬ ರೀಲರ್‌ಗೆ ಆ ಲಾಟು ಬೇಡ. ಆದರೂ ಪಕ್ಕದವನಿಗೆ ನಷ್ಟವಾಗಲಿ ಎಂದು ಬೆಲೆ ಏರಿಸುತ್ತಾ ಹೋಗುತ್ತಾನೆ ಎಂದುಕೊಳ್ಳಿ. ಇದಕ್ಕೆ ಶರೀಅತ್ತಿನಲ್ಲಿ 'ನಜಶ್' ಎಂಬ ಹೆಸರಿದೆ. ಕೊಳ್ಳುವ ಇರಾದೆ ಇಲ್ಲದೆ ಬೆಲೆ ಏರಿಸಿ ಇನ್ನೊಬ್ಬನನ್ನು ಮೋಸಗೊಳಿಸುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಅದು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ವರದಿಯಾಗಿದೆ. ಇದರಲ್ಲಿ ಪಾಪದ ಮಾತು ಒಂದು ಕಡೆ ಇರಲಿ, ವ್ಯವಹಾರದ ಅಪಾಯವನ್ನೂ ನೋಡಿ. ಪಕ್ಕದವನು ಇದ್ದಕ್ಕಿದ್ದಂತೆ ಕೂಗುವುದನ್ನು ನಿಲ್ಲಿಸಿಬಿಟ್ಟರೆ, ಬೇಡದ ಆ ಲಾಟು ಕೂಗಿದವನ ಕೊರಳಿಗೇ ಬೀಳುತ್ತದೆ!

ಗೆಲ್ಲಬಾರದೆಂದು ಬಯಸುವ ವ್ಯಕ್ತಿಗೆ ಮತ ಹಾಕುವುದು ಇಂಥ ನಜಶ್. ರೀಲರ್‌ಗೆ ಒಂದು ದಿನದ ನಷ್ಟ. ಊರಿಗೆ ಐದು ವರ್ಷದ ನಷ್ಟ.

ಆದ್ದರಿಂದ ನಿಮಗೆ ಒಂದು ಅಳತೆಗೋಲು ಕೊಡುತ್ತೇನೆ. ಮತ ಹಾಕುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿ: "ನಾನು ಯಾರಿಗೆ ಮತ ಹಾಕುತ್ತಿದ್ದೇನೋ ಅವರೇ ಗೆದ್ದರೆ, ಅದು ನನಗೆ ಸಮ್ಮತವೇ?" ಹೌದು ಎಂಬ ಉತ್ತರ ಬಂದರೆ, ನೀವು ಯಾವ ಪಕ್ಷದ ಗೆರೆ ದಾಟಿದ್ದರೂ ಚಿಂತೆಯಿಲ್ಲ. ಅವರು ನಿಮ್ಮ ಮೊದಲ ಆಯ್ಕೆಯಾಗಿರಬೇಕೆಂದೇನೂ ಇಲ್ಲ, ಎದುರಿನವರಿಗಿಂತ ವಾಸಿ ಎನಿಸಿದರೆ ಸಾಕು. ಇಲ್ಲ ಎಂಬ ಉತ್ತರ ಬಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅದು ತಂತ್ರವೆಂದು ಎಷ್ಟೇ ದೊಡ್ಡವರು ಹೇಳಿದರೂ ಸುಳ್ಳು ಸಾಕ್ಷಿಯೇ.

ಸಾಕ್ಷಿ ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. 'ಮಆರಿಫುಲ್ ಕುರ್‌ಆನ್' ಬರೆದ ಮುಫ್ತಿ ಮುಹಮ್ಮದ್ ಶಫೀ ಸಾಹೇಬರು ಮತಕ್ಕೆ ಮೂರು ಸ್ವರೂಪಗಳಿವೆ ಎಂದು ವಿವರಿಸಿದ್ದಾರೆ. ಅದು ಶಹಾದತ್, ಅಂದರೆ ಈತ ಈ ಕೆಲಸಕ್ಕೆ ಯೋಗ್ಯ ಎಂಬ ಸಾಕ್ಷಿ. ಅದು ಶಿಫಾರಸು, ಅಂದರೆ ಆತ ಮಾಡುವ ಒಳಿತು ಕೆಡುಕಿನಲ್ಲಿ ನಮಗೂ ಪಾಲಿದೆ. ಅದು ವಕಾಲತ್ತು, ಅಂದರೆ ನಮ್ಮೆಲ್ಲರ ಪರವಾಗಿ ಮಾತನಾಡುವ ಅಧಿಕಾರವನ್ನು ಆತನಿಗೆ ಒಪ್ಪಿಸುವುದು. ಅಮಾನತ್ತುಗಳನ್ನು ಅರ್ಹರಿಗೇ ಒಪ್ಪಿಸಬೇಕೆಂಬ ಆದೇಶ ಸೂರಃ ಅನ್ನಿಸಾದ 58ನೆಯ ಸೂಕ್ತದಲ್ಲಿದೆ. ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಆದೇಶ ಅದೇ ಅಧ್ಯಾಯದ 135ನೆಯ ಸೂಕ್ತದಲ್ಲಿದೆ.

ನಿಮ್ಮಲ್ಲಿ ಯಾರಾದರೂ ಎದ್ದು ನಿಂತು ಕೇಳಬಹುದು: "ಸಾರ್, ಎಲ್ಲರೂ ನಮ್ಮ ಮೇಲೆ ಈ ಆಟ ಆಡುತ್ತಾರೆ. ನಾವು ಮಾತ್ರ ಸಾಚಾ ಆಗಿದ್ದು ಸೋಲಬೇಕೆ?" ಇದು ನ್ಯಾಯವಾದ ಪ್ರಶ್ನೆ, ಜಾರಿಸಿಬಿಡುವಂಥದ್ದಲ್ಲ. ಒಂದು ಜನರ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಎಚ್ಚರಿಕೆ ಸೂರಃ ಅಲ್ ಮಾಇದಾದ 8ನೆಯ ಸೂಕ್ತದಲ್ಲಿದೆ. ಅದು ನಂಬಿಕೆಯ ಉತ್ತರ. ಲೋಕಾನುಭವದ ಉತ್ತರವೂ ಒಂದಿದೆ. ಅದನ್ನು ಹೇಳಬೇಕಾದರೆ ಅಮೆರಿಕ, ಬ್ರಿಟನ್ ಬಿಟ್ಟು ನಮ್ಮ ಸೀಮೆಗೆ ಬರಬೇಕು.

ನಮ್ಮ ದೇಶದಲ್ಲಿ ಪ್ರೈಮರಿ ಚುನಾವಣೆಯ ಕಾನೂನು ಇಲ್ಲ. ಪಕ್ಷಗಳು ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆ ಹೇಳುವುದಿಲ್ಲ. ಆದರೂ ಒಮ್ಮೆ ಪ್ರಯೋಗ ನಡೆದಿತ್ತು. 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿಯವರ ಸೂಚನೆಯಂತೆ ಕಾಂಗ್ರೆಸ್ ಪಕ್ಷ ದೇಶದ ಸುಮಾರು ಹದಿನೈದು ಕ್ಷೇತ್ರಗಳಲ್ಲಿ ಅಭ್ಯರ್ಥಿ ಆಯ್ಕೆಗೆ ಒಳ ಚುನಾವಣೆ ನಡೆಸಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಆ ಪಟ್ಟಿಯಲ್ಲಿದ್ದವು. ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಪಕ್ಷದಿಂದ ಚುನಾಯಿತರಾದವರು. ಸಾಮಾನ್ಯ ಮತದಾರನಿಗೆ ಬಾಗಿಲು ತೆರೆದಿರಲಿಲ್ಲ. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಲಕ್ಷಕ್ಕಿಂತ ಹೆಚ್ಚು ಮತಗಳಿಂದ ಸೋತರು. ಗುಜರಾತಿನ ವಡೋದರಾದಲ್ಲಿ ಒಳ ಚುನಾವಣೆ ಗೆದ್ದಿದ್ದ ನರೇಂದ್ರ ರಾವತ್ ಅವರು, ನರೇಂದ್ರ ಮೋದಿಯವರು ಅಲ್ಲಿ ನಿಂತಾಗ ಬದಿಗೆ ಸರಿಯಬೇಕಾಯಿತು, ಟಿಕೆಟ್ ಮಧುಸೂದನ ಮಿಸ್ತ್ರಿಯವರ ಪಾಲಾಯಿತು. ಗೆದ್ದವನಿಗೇ ಟಿಕೆಟ್ ಉಳಿಯುವ ಖಾತ್ರಿ ಇಲ್ಲದ ಚುನಾವಣೆಯ ಮೇಲೆ ಯಾರಿಗೆ ವಿಶ್ವಾಸ ಹುಟ್ಟೀತು?

ಬಾಗಿಲನ್ನು ಅಗಲವಾಗಿ ತೆರೆದ ಉದಾಹರಣೆಯೂ ಇದೆ. 2022ರ ಜನವರಿಯಲ್ಲಿ ಪಂಜಾಬಿನಲ್ಲಿ ಆಮ್ ಆದ್ಮಿ ಪಕ್ಷ ಒಂದು ಫೋನ್ ನಂಬರು ಕೊಟ್ಟು, ಮುಖ್ಯಮಂತ್ರಿ ಅಭ್ಯರ್ಥಿ ಯಾರಾಗಬೇಕೆಂದು ಜನರನ್ನೇ ಕೇಳಿತು. ಭಗವಂತ್ ಮಾನ್ ಅವರಿಗೆ ಶೇಕಡಾ 93ಕ್ಕಿಂತ ಹೆಚ್ಚು ಬೆಂಬಲ ಬಂದಿತೆಂದು ಪ್ರಕಟಿಸಿತು. ಫೋನು ಮಾಡಿದವನು ಯಾವ ಪಕ್ಷದವನೆಂದು ಪರೀಕ್ಷಿಸುವ ಉಪಾಯ ಅಲ್ಲಿರಲಿಲ್ಲ. ಬಾಗಿಲು ಪೂರ್ತಿ ಮುಚ್ಚಿದರೆ ಜನ ಹೊರಗೆ. ಪೂರ್ತಿ ತೆರೆದರೆ ಕೆಡಿಸಲು ಬಂದವನೂ ಒಳಗೆ. ಈ ತೊಡಕನ್ನು ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಎದುರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮತದಾರ ಒಂದು ಹುದ್ದೆಗೆ ಒಂದು ಪಕ್ಷದ, ಇನ್ನೊಂದು ಹುದ್ದೆಗೆ ಇನ್ನೊಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದೆಂಬ ಕಾನೂನಿತ್ತು. ಪಕ್ಷಕ್ಕೆ ಸೇರದವರನ್ನು ಪಕ್ಷದ ಅಭ್ಯರ್ಥಿ ಆಯ್ಕೆಗೆ ಹೀಗೆ ಬಲವಂತವಾಗಿ ತರುವುದು ಸಂಘಟನೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು 2000ದಲ್ಲಿ ಕೋರ್ಟು ಅದನ್ನು ರದ್ದುಮಾಡಿತು.

ನಮ್ಮಲ್ಲಿ ಪ್ರೈಮರಿ ಇಲ್ಲ ಎಂದ ಮಾತ್ರಕ್ಕೆ ಆ ಹಂತವೇ ಇಲ್ಲ ಎಂದು ತಿಳಿಯಬೇಡಿ. ಬಿ ಫಾರಂ ಹಂಚುವ ದಿನವೇ ನಮ್ಮ ಪ್ರೈಮರಿ. ಅಲ್ಲಿ ಮತ ಹಾಕುವವರು ಬೆರಳೆಣಿಕೆಯ ಮಂದಿ. ಮುರುಗಮಲ್ಲದ ಮತದಾರರು ಚಿಂತಾಮಣಿ ವಿಧಾನಸಭೆಗೂ ಕೋಲಾರ ಲೋಕಸಭೆಗೂ ಸೇರಿದವರು. 2024ರಲ್ಲಿ ಕೋಲಾರದ ಕಾಂಗ್ರೆಸ್ ಟಿಕೆಟ್ಟಿಗೆ ಪಕ್ಷದೊಳಗಿನ ಎರಡು ಬಣಗಳ ನಡುವೆ ಎಂಥ ಜಗ್ಗಾಟ ನಡೆಯಿತೆಂದು ಪತ್ರಿಕೆಗಳಲ್ಲಿ ಓದಿದ್ದೀರಿ. ಶಾಸಕರು ರಾಜೀನಾಮೆ ಕೊಡುತ್ತೇವೆ ಎನ್ನುವವರೆಗೂ ಹೋಯಿತು. ಕೊನೆಗೆ ಮೂರನೆಯವರಾದ ಕೆ.ವಿ. ಗೌತಮ್ ಅವರಿಗೆ ಟಿಕೆಟ್ ಸಿಕ್ಕಿತು. ಚುನಾವಣೆಯಲ್ಲಿ ಜೆಡಿಎಸ್‌ನ ಎಂ. ಮಲ್ಲೇಶ್ ಬಾಬು ಗೆದ್ದರು. ಅದಕ್ಕೂ ಮೊದಲು, 1991ರಿಂದ ಸತತ ಏಳು ಬಾರಿ ಗೆದ್ದಿದ್ದ ಕೆ.ಎಚ್. ಮುನಿಯಪ್ಪನವರು 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಾಗಲೂ ಸ್ವಪಕ್ಷದವರ ವಿರೋಧ ಬಹಿರಂಗವಾಗಿಯೇ ಇತ್ತು. ಈ ಎರಡೂ ಸಲ ಟಿಕೆಟ್ಟಿನ ಹಂತದಲ್ಲಿ ಊರೂರಿನ ಮತದಾರನನ್ನು ಯಾರು ಕೇಳಿದರು?

ಕೇಳದೆ ಇದ್ದಾಗ ಮತದಾರ ತನ್ನ ಉತ್ತರವನ್ನು ಮುಖ್ಯ ಚುನಾವಣೆಯಲ್ಲೇ ಕೊಡುತ್ತಾನೆ. ಆಗ ಪಕ್ಷದ ಗೆರೆಗಳು ಅಳಿಸಿಹೋಗುತ್ತವೆ. 2018ರಲ್ಲಿ ಚಿಂತಾಮಣಿಯಲ್ಲಿ ಕಾಂಗ್ರೆಸ್ಸಿನ ಹೊರಗೆ ನಿಂತು ಜೆಡಿಎಸ್‌ನ ಜೆ.ಕೆ. ಕೃಷ್ಣಾರೆಡ್ಡಿಯವರ ಎದುರು ಸೋತ ಡಾ. ಎಂ.ಸಿ. ಸುಧಾಕರ್ ಅವರು 2023ರಲ್ಲಿ ಕಾಂಗ್ರೆಸ್ ಟಿಕೆಟ್ ಪಡೆದು ಗೆದ್ದರು. ಅದೇ 2023ರಲ್ಲಿ ಪಕ್ಕದ ಶಿಡ್ಲಘಟ್ಟದಲ್ಲಿ ಜೆಡಿಎಸ್‌ನ ಬಿ.ಎನ್. ರವಿಕುಮಾರ್ ಗೆದ್ದರು, ಚಿಕ್ಕಬಳ್ಳಾಪುರದಲ್ಲಿ ಕಾಂಗ್ರೆಸ್ಸಿನ ಪ್ರದೀಪ್ ಈಶ್ವರ್, ಗೌರಿಬಿದನೂರಿನಲ್ಲಿ ಪಕ್ಷೇತರ ಕೆ.ಎಚ್. ಪುಟ್ಟಸ್ವಾಮಿಗೌಡ ಗೆದ್ದರು. ಒಂದೇ ಜಿಲ್ಲೆ, ಒಂದೇ ದಿನದ ಮತದಾನ, ಮೂರು ಬಗೆಯ ತೀರ್ಪು. 2019ರಲ್ಲಿ ಮಂಡ್ಯದಲ್ಲಿಯೂ ಹೀಗೇ ಆಯಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಒಬ್ಬ ಅಭ್ಯರ್ಥಿಯನ್ನು ಗೊತ್ತುಮಾಡಿದ್ದರೂ ಅನೇಕ ಕಾಂಗ್ರೆಸ್ ಬೆಂಬಲಿಗರು ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರಿಗೆ ಮತ ಹಾಕಿದರು, ಅವರು ಗೆದ್ದರು. ಮೇಲಿನವರು ಮಾಡಿಕೊಂಡ ಹೊಂದಾಣಿಕೆಯನ್ನು ಕೆಳಗಿನವರು ಒಪ್ಪಲೇಬೇಕೆಂಬ ಕಟ್ಟಳೆ ಇಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಶಾಸಕ ಗೆರೆ ದಾಟುವುದಕ್ಕೂ ಮತದಾರ ಗೆರೆ ದಾಟುವುದಕ್ಕೂ ಅಂತರವಿದೆ. 2022ರ ಜೂನ್‌ನಲ್ಲಿ ರಾಜ್ಯಸಭಾ ಚುನಾವಣೆ ನಡೆದಾಗ ಆಗ ಕೋಲಾರದ ಜೆಡಿಎಸ್ ಶಾಸಕರಾಗಿದ್ದ ಕೆ. ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ಮತ ಹಾಕಿದ್ದಾಗಿ ಬಹಿರಂಗವಾಗಿ ಹೇಳಿದರು. ಆ ಚುನಾವಣೆಯಲ್ಲಿ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು. ಈ ನಿಯಮ 2003ರಲ್ಲಿ ಬಂತು, 2006ರಲ್ಲಿ ಕುಲದೀಪ್ ನಯ್ಯರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಶಾಸಕನು ಪಕ್ಷದ ಚಿಹ್ನೆಯ ಮೇಲೆ ಗೆದ್ದವನು, ಆ ಋಣ ಅವನ ಮೇಲಿದೆ. ಸಾಮಾನ್ಯ ಮತದಾರನ ಮತವಾದರೋ ಗುಟ್ಟಿನದು. ಅವನಿಗೆ ಯಾವ ಪಕ್ಷದ ಋಣವೂ ಇಲ್ಲ. ನಿಮ್ಮ ತಂದೆ ಯಾವ ಪಕ್ಷಕ್ಕೆ ಹಾಕುತ್ತಿದ್ದರು, ನಿಮ್ಮ ಮೊಹಲ್ಲಾ ಯಾರ ಕಡೆ ಎಂಬುದು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಗೆರೆ ದಾಟುವ ಹಕ್ಕು ಪೂರ್ತಿಯಾಗಿ ನಿಮ್ಮದು. ಆ ಹಕ್ಕನ್ನು ಯಾವ ಇರಾದೆಯಿಂದ ಬಳಸುತ್ತೀರಿ ಎಂಬುದಷ್ಟೇ ಪ್ರಶ್ನೆ.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಲೋಕಾನುಭವದ ಉತ್ತರ ಹೇಳುತ್ತೇನೆ. ಎದುರಿನವರ ಮನೆ ಕೆಡಿಸುವ ಆಟ ನಮ್ಮಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ಮತ ಒಡೆಯಲೆಂದೇ ಒಬ್ಬರನ್ನು ನಿಲ್ಲಿಸುವುದು. ಹೆಸರಿನಲ್ಲಿ ಗೊಂದಲವಾಗಲೆಂದು ಅದೇ ಹೆಸರಿನವರನ್ನು ಕಣಕ್ಕಿಳಿಸುವುದು. ಮಂಡ್ಯದ ಆ ಚುನಾವಣೆಯಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಇಂಥ ಕೆಲಸಕ್ಕೆ ಯುವಕರು ಬೇಕಾಗುತ್ತಾರೆ. ನಾಮಪತ್ರಕ್ಕೆ ಸೂಚಕರಾಗಿ ರುಜು ಹಾಕಲು, ಬಾವುಟ ಹಿಡಿಯಲು, ಹಿಂದಿನ ರಾತ್ರಿ ಮೊಬೈಲಿನಲ್ಲಿ "ಇಂಥವರಿಗೇ ಹಾಕಿ" ಎಂಬ ಪಟ್ಟಿ ಹರಡಲು. ನಿಮ್ಮ ಬಳಿಗೂ ಬರುತ್ತಾರೆ, ನಿಮ್ಮ ಓದನ್ನೂ ಮಾತನ್ನೂ ಹೊಗಳುತ್ತಾರೆ, ಸ್ವಲ್ಪ ಹಣವನ್ನೂ ತೋರಿಸುತ್ತಾರೆ. ಆ ಆಟದಲ್ಲಿ ಒಮ್ಮೆ ಕೈಹಾಕಿದ ಮೇಲೆ ನಾಳೆ ನಿಮ್ಮ ಮನೆಯ ಮಗಳಿಗೆ ಹಾಸ್ಟೆಲ್ ಬೇಕೆಂದು ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುತ್ತೀರಿ?

ಇದಕ್ಕಿಂತ ದೊಡ್ಡ ನಷ್ಟ ಇಡೀ ಸಮುದಾಯದ್ದು. ಯಾರನ್ನಾದರೂ ಸೋಲಿಸುವುದಕ್ಕೆಂದೇ ಮತ ಹಾಕುವವರಿಗೆ ಯಾರೂ ಏನನ್ನೂ ಕೊಡಬೇಕಾಗಿಲ್ಲ. ಅವರನ್ನು ಹೆದರಿಸಿದರೆ ಸಾಕು. ನಿಮ್ಮ ವಾರ್ಡಿಗೆ ಉರ್ದು ಶಾಲೆಯ ಕೊಠಡಿ ಏಕೆ ಬಂದಿಲ್ಲ ಎಂದು ಕೇಳಿದರೆ, ಕೊಠಡಿಯ ಮಾತು ಆಮೇಲೆ, ಮೊದಲು ಅವರನ್ನು ತಡೆಯೋಣ ಎಂಬ ಉತ್ತರ ಬರುತ್ತದೆ. ಐದು ವರ್ಷದ ಬಳಿಕವೂ ಅದೇ ಉತ್ತರ. ಕೆಡುಕನ್ನು ತಡೆಯುವುದು ಬೇಡವೆಂದು ನಾನು ಹೇಳುತ್ತಿಲ್ಲ, ಅದು ಅಗತ್ಯವೇ. ಆದರೆ ನಮ್ಮ ಮಾತೆಲ್ಲ ಕೊನೆಯ ರಾತ್ರಿಗೆ ಉಳಿದುಕೊಂಡರೆ, ಬೆಲೆ ಗೊತ್ತಾದ ಮೇಲೆ ಮಾರುಕಟ್ಟೆಗೆ ಹೋದಂತಾಗುತ್ತದೆ.

ಮೊದಲೇ ಮಾತನಾಡಿದ ಒಂದು ಉದಾಹರಣೆ ಕೇಳಿ. ಮಿಶಿಗನ್ ರಾಜ್ಯದಲ್ಲಿ ಡಿಯರ್‌ಬಾರ್ನ್ ಎಂಬ ಊರಿದೆ, ಅರಬ್ ಮೂಲದ ಮುಸ್ಲಿಮರು ಬಹಳವಾಗಿರುವ ಊರು. 2024ರ ಫೆಬ್ರವರಿ 27ರಂದು ಡೆಮಾಕ್ರಟಿಕ್ ಪ್ರೈಮರಿ ನಡೆದಾಗ, ಗಾಜಾದ ವಿಷಯದಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷ ಬೈಡನ್ ಅವರ ನೀತಿಯನ್ನು ಒಪ್ಪದ ಮತದಾರರು 'ಇನ್ನೂ ಯಾರಿಗೂ ಬದ್ಧರಲ್ಲ' ಎಂಬ ಕಲಮಿಗೆ ಮತ ಹಾಕಿದರು. ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತಗಳು ಹಾಗೆ ಬಿದ್ದವು. ಅವರ ಬೇಡಿಕೆ ಈಡೇರಲಿಲ್ಲ, ನವೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷ ಆ ರಾಜ್ಯವನ್ನು ಕಳೆದುಕೊಂಡಿತು. ಅವರ ದಾರಿಯಿಂದ ಒಳಿತಾಯಿತೇ ಕೆಡುಕಾಯಿತೇ ಎಂಬ ಚರ್ಚೆ ಅಲ್ಲಿ ಇದೆ. ನಾನು ನಿಮಗೆ ತೋರಿಸಬಯಸುವುದು ಅವರ ವಿಧಾನವನ್ನು. ಬೇರೆಯವರ ಮನೆ ಕೆಡಿಸಲು ಅವರು ಹೋಗಲಿಲ್ಲ. ತಮ್ಮ ಮನೆಯಲ್ಲಿ, ಇನ್ನೂ ಸಮಯವಿರುವಾಗಲೇ, ಹೆಸರು ಹೇಳಿ, ಎಣಿಕೆಗೆ ಸಿಗುವಂತೆ ತಮ್ಮ ಮಾತು ಹೇಳಿದರು. ನಮ್ಮಲ್ಲಿಯೂ 2013ರಿಂದ 'ನೋಟಾ' ಗುಂಡಿ ಇದೆ. ಆದರೆ ಅದು ಟಿಕೆಟ್ ಹಂಚಿ ಮುಗಿದ ಮೇಲೆ ಒತ್ತುವ ಗುಂಡಿ.

ಹಾಗಾದರೆ ನಾವು ಮಾಡಬೇಕಾದುದೇನು? ನಾಲ್ಕು ಕೆಲಸ ಹೇಳುತ್ತೇನೆ.

ಮೊದಲನೆಯದು, ಹದಿನೆಂಟು ತುಂಬಿದ ಕೂಡಲೇ ಆರನೆಯ ನಮೂನೆ ತುಂಬಿ ಪಟ್ಟಿಗೆ ಹೆಸರು ಸೇರಿಸಿ. 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜನವರಿಗೇ ಕಾಯಬೇಕಾಗಿಲ್ಲ. ಮನೆಯ ಹೆಂಗಸರ ಹೆಸರನ್ನೂ ನೋಡಿ.

ಎರಡನೆಯದು, ಚುನಾವಣೆಗೆ ಒಂದು ವರ್ಷ ಮೊದಲ� ನಿಮ್ಮ ಊರಿನ ಬೇಡಿಕೆಗಳನ್ನು ಬರೆದು ಎಲ್ಲ ಪಕ್ಷಗಳಿಗೂ ಕೊಡಿ. ಶಾಲೆಯ ಕೊಠಡಿ, ಕಾಲೇಜಿಗೆ ಬಸ್ಸು, ಗ್ರಂಥಾಲಯ, ಕುಡಿಯುವ ನೀರು. ಬರಿಯ ನಮ್ಮ ಜನರ ಬೇಡಿಕೆಯಾಗಿ ಬರೆಯದೆ ಇಡೀ ಊರಿನದಾಗಿ ಬರೆಯಿರಿ, ನೆರೆಯವರ ರುಜುವೂ ಇರಲಿ. ಇಂಥವರಿಗೆ ಟಿಕೆಟ್ ಕೊಟ್ಟರೆ ನಮಗೆ ಒಪ್ಪಿಗೆ, ಇಂಥ ಕಾರಣಕ್ಕೆ ಇಂಥವರು ಬೇಡ ಎಂದು ಮುಂಚೆಯೇ ಹೇಳಿ.

ಮೂರನೆಯದು, ರಾಜಕೀಯದಲ್ಲಿ ಆಸಕ್ತಿ ಇದ್ದರೆ ಮನಸ್ಸೊಪ್ಪಿದ ಒಂದು ಪಕ್ಷಕ್ಕೆ ನಿಜವಾದ ಸದಸ್ಯರಾಗಿ ಸೇರಿ, ಒಳಗೇ ನಿಂತು ವಾದಿಸಿ. ಒಂದು ಜೇಬಿನಲ್ಲಿ ಮೂರು ಪಕ್ಷಗಳ ಚೀಟಿ ಇಟ್ಟುಕೊಂಡು ತಿರುಗಬೇಡಿ.

ನಾಲ್ಕನೆಯದು, ಗ್ರಾಮ ಪಂಚಾಯಿತಿ ಚುನಾವಣೆಯನ್ನು ಹಗುರವಾಗಿ ಕಾಣಬೇಡಿ. ನಮ್ಮ ರಾಜ್ಯದ ಕಾನೂನಿನಂತೆ ಅಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಗೆರೆಯೇ ಇಲ್ಲದ ಕಡೆ ದಾಟುವ ಮಾತೆಲ್ಲಿ? ವ್ಯಕ್ತಿಯನ್ನು ನೋಡಿ ಆರಿಸುವ ಅಭ್ಯಾಸ ಅಲ್ಲಿಂದಲೇ ಬೆಳೆಯಬೇಕು.

ಬಂಧುಗಳೇ, ಈ ಮುರುಗಮಲ್ಲಕ್ಕೆ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆಂದು ಎಲ್ಲ ಜಾತಿ ಮತದವರೂ ಬರುತ್ತಾರೆ. ಕನ್ನಡ, ತೆಲುಗು, ಉರ್ದು ಎಲ್ಲ ಮಾತೂ ಇಲ್ಲಿ ಕೇಳುತ್ತದೆ. ಬಾಗಿಲಲ್ಲಿ ನಿಂತು ನೀನು ಯಾರ ಕಡೆಯವನು ಎಂದು ಯಾರೂ ಕೇಳುವುದಿಲ್ಲ. ಬಂದವರೂ ಆ ವಿಶ್ವಾಸ ಉಳಿಸಿಕೊಂಡೇ ಹೋಗುತ್ತಾರೆ. ತೆರೆದ ಬಾಗಿಲು ತೆರೆದೇ ಉಳಿಯಬೇಕಾದರೆ ಒಳಗೆ ಬಂದವನ ಇರಾದೆ ಶುದ್ಧವಾಗಿರಬೇಕು. 2023ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯ, ಅಭ್ಯರ್ಥಿಗಳ ಹೆಸರು ಹೊರಬೀಳುವ ಹೊತ್ತಿಗೆ ಮತದಾರರು ಪಕ್ಷ ಬದಲಿಸದಂತೆ ಕಾನೂನು ಮಾಡಿತು. ದಾಟುವವರ ಮೇಲಿನ ಅನುಮಾನ ಹೆಚ್ಚಿದರೆ ಬಾಗಿಲು ಎಲ್ಲರಿಗೂ ಮುಚ್ಚುತ್ತದೆ, ಪ್ರಾಮಾಣಿಕವಾಗಿ ಬಂದವನಿಗೂ ಮುಚ್ಚುತ್ತದೆ.

ಗೆರೆ ದಾಟಿ, ಹೆದರಬೇಡಿ. ಆದರೆ ದಾಟುವಾಗ ಕೈಯಲ್ಲಿ ನಿಜವಾದ ಸಾಕ್ಷಿ ಇರಲಿ. ನೀವು ಮತ ಹಾಕಿದವರು ಗೆದ್ದ ದಿನ ತಲೆ ತಗ್ಗಿಸಬೇಕಾದ ಪರಿಸ್ಥಿತಿ ನಿಮಗೆ ಬಾರದಿರಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ವಿದ್ಯೆಯನ್ನೂ, ವಿದ್ಯೆಯ ಜೊತೆಗೆ ಅಮಾನತ್ತನ್ನು ಕಾಯುವ ಧೈರ್ಯವನ್ನೂ ದಯಪಾಲಿಸಲಿ, ಆಮೀನ್.